ಬರುವ ಕೂಸಿನ ಇಷ್ಟಲಿಂಗ

ನನ್ನ ಮದುವೆಯಾದ ವರ್ಷವೇ ಆಯಿ ಒಂದು ಪುಟ್ಟ ಇಷ್ಟಲಿಂಗ ತಂದಿಟ್ಟಳು. ಆಯಿ ಅಂದರೆ ನನ್ನ ತಾಯಿಯ ತಾಯಿ, ಖಾನಾಪುರದ ಮನೆಯಲ್ಲಿ ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ನಮ್ಮಲ್ಲಿ ಬಸುರಿಗೆ ಎಂಟನೆಯ ತಿಂಗಳಲ್ಲಿ, ಹೊಟ್ಟೆಯೊಳಗಿನ ಕೂಸಿನ ಸಲುವಾಗಿ ಅಯ್ಯನವರು ಒಂದು ಲಿಂಗ ಕಟ್ಟುತ್ತಾರೆ. ಕೂಸು ಹುಟ್ಟುವ ತನಕ ತಾಯಿ ತನ್ನ ಲಿಂಗದ ಜೊತೆ ಅದನ್ನೂ ಪೂಜಿಸಬೇಕು. ಆಯಿಗೆ ಎಂಟನೆಯ ತಿಂಗಳ ತನಕ ಕಾಯುವ ತಾಳ್ಮೆ ಎಲ್ಲಿಯದು? ತಂದ ಮೇಲೆ ಪೂಜೆಯಿಲ್ಲದೆ ಇಡಬಾರದೆಂದು ತಾನೇ ಶುರುಮಾಡಿಬಿಟ್ಟಳು. ದಿನಾ ಬೆಳಿಗ್ಗೆ ಎಡಗೈ ಮೇಲೆ ಮೊದಲು ತನ್ನದು, ಆಮೇಲೆ ಅದು. ನೀರು, ವಿಭೂತಿ, ಒಂದು ಪತ್ರಿ. ಯಾರದು ಎಂದು ಕೇಳಿದವರಿಗೆ, "ಬರೂ ಕೂಸಿಂದು" ಅನ್ನುತ್ತಿದ್ದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವುದು ಇದಕ್ಕೇ. ಮೊದಮೊದಲು ನಾನೂ ನಗುತ್ತಿದ್ದೆ. ವರ್ಷಗಳು ಹೋದಂತೆ ಆ ಲಿಂಗ ಕಂಡರೆ ನನಗೆ ಮೈಯೆಲ್ಲ ಉರಿಯತೊಡಗಿತು.

"ಅದನ್ನ ಒಳಗ ಇಡು ಆಯಿ. ನೋಡಿದ್ರ ನನಗ ಸಂಕಟ ಆಗತೈತಿ," ಎಂದು ಒಮ್ಮೆ ತವರಿಗೆ ಹೋದಾಗ ಚೀರಿದೆ.

"ನಿನ್ನ ಸಂಕಟಕ್ಕ ಅದನ್ನ ಉಪವಾಸ ಕೆಡವಲೇನು?" ಎಂದು ಆಯಿ ಇನ್ನೊಂದು ಪತ್ರಿ ಏರಿಸಿದಳು.

ನನಗೆ ಕೂಸು ಬೇಕು. ಇದನ್ನು ನಯವಾಗಿ ಹೇಳುವುದು ನನಗೆ ಗೊತ್ತಿಲ್ಲ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಬಾಜೂಕೆ ಒಂದು ಕೂಸಿದೆ. ಅದು ಅತ್ತರೆ ನನ್ನ ಕೈಯಲ್ಲಿನ ಲಟ್ಟಣಿಗೆ ನಿಂತುಬಿಡುತ್ತದೆ. ಅದರ ತಾಯಿ ಬೇಗ ಎತ್ತಿಕೊಳ್ಳದಿದ್ದರೆ ಅವಳ ಮೇಲೆ ಸಿಟ್ಟು ಬರುತ್ತದೆ.

ನನ್ನ ಹೊಟ್ಟೆಯ ಕತೆ ಇಷ್ಟೇ. ಅಂಡಾಣುಗಳಿಗೆ ಬರವಿಲ್ಲ, ರಾಶಿ ಇವೆ, ಆದರೆ ಬಲಿಯುವುದಿಲ್ಲ. ಬಲಿಸಲೆಂದು ಇಂಜೆಕ್ಷನ್ ಕೊಟ್ಟಾಗ ಎಲ್ಲವೂ ಒಮ್ಮೆಲೇ ಎದ್ದು, ಹೊಟ್ಟೆ ಬಾತು, ಉಸಿರು ಸಿಕ್ಕಿ, ಜೀವ ಉಳಿದದ್ದೇ ದೊಡ್ಡದಾಯಿತು. ಇನ್ನು ಆ ಇಂಜೆಕ್ಷನ್ ಬೇಡವೇ ಬೇಡ ಎಂದ ಬೆಳಗಾವಿಯ ಡಾಕ್ಟರು, "ಹಸಿ ಇದ್ದಾಗನ ಹೊರಗ ತಗದು, ಲ್ಯಾಬಿನ್ಯಾಗ ಬಲಿಸಿ ನೋಡೂಣ್ರಿ," ಎಂದರು.

"ಅಂದ್ರ ಮಾವಿನಕಾಯಿ ಹುಲ್ಲಿನ್ಯಾಗ ಅಡಿ ಹಾಕಿದಂಗೇನ್ರಿ?" ಎಂದು ನನ್ನ ಗಂಡ ಕೇಳಿದ. ನಾನು ಅವನ ತೊಡೆ ಚಿವುಟಿದೆ.

ಡಾಕ್ಟರು ನಕ್ಕರು. "ಸುಮಾರು ಹಂಗ ಅನ್ರಿ. ಆದ್ರ ಹಾಕಿದ್ದೆಲ್ಲಾ ಹಣ್ಣಾಗಂಗಿಲ್ಲ."

ಅಂಡಾಣು ತೆಗೆಯುವ ದಿನ ಹೂ ಮುಡಿಯಬಾರದು, ಸೆಂಟು ಹಾಕಬಾರದು, ವಾಸನೆಯ ಎಣ್ಣೆ ಹಚ್ಚಬಾರದು ಎಂದು ಮೊದಲೇ ಹೇಳಿದ್ದರು. ಹೂವಿಲ್ಲದ ಒಣ ತಲೆಯಲ್ಲಿ ಹೋಗಿ ಮಲಗಿದೆ. ಸೂಜಿಯಿಂದ ತೆಗೆದದ್ದು ನನಗೆ ತಿಳಿಯಲಿಲ್ಲ. ಮಂಪರು ಇಳಿದು, ಗಂಡನ ಕೈ ಹಿಡಿದು ಹೊರಗೆ ಬಂದರೆ ಲ್ಯಾಬಿನ ಬಾಗಿಲ ಮುಂದೆ ಆಯಿ! ಖಾನಾಪುರದಿಂದ ಒಬ್ಬಳೇ ಬಸ್ ಹತ್ತಿ ಬಂದಿದ್ದಾಳೆ. ಕೈಯಲ್ಲಿ ಆ ಪುಟ್ಟ ಲಿಂಗವನ್ನಿಟ್ಟ ಕರಡಿಗೆ. ಲ್ಯಾಬಿನಲ್ಲಿ ಅಂಡಾಣುಗಳನ್ನು ನೋಡಿಕೊಳ್ಳುವ ಹೆಣ್ಣುಮಗಳನ್ನು ಹೊರಗೆ ಕರೆಸಿ ತಕರಾರು ನಡೆಸಿದ್ದಳು.

"ಹೊಟ್ಟ್ಯಾಗಿನ ಕೂಸಿಗೆ ತಾಯಿ ಮೈಮ್ಯಾಲೆ ಲಿಂಗ ಕಟ್ತೀವಿ. ಈಗ ಅದು ಇವಳ ಹತ್ರ ಇಲ್ಲ, ನಿಮ್ಮ ಹತ್ರ ಐತಿ. ಹಂಗಾರ ಕಟ್ಟೂದು ಯಾರಿಗೆ? ನಿಮಗೋ, ನಿಮ್ಮ ಮಷೀನಿಗೋ?"

"ಅಜ್ಜೀ, ಅದಿನ್ನೂ ಕೂಸಲ್ರಿ. ಬರೇ ತತ್ತಿ. ಅದೂ ಹಸೀದು."

"ಹಸೀದಕ್ಕ ಹೆಚ್ಚು ಆಸರಾ ಬೇಕಾಗತೈತಿ, ತಂಗಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆದರೆ ಆ ಹೆಣ್ಣುಮಗಳು ನಗಲಿಲ್ಲ. "ವಿಭೂತಿ ಪುಡಿ, ಹೂವಿನ ವಾಸನಿ ಏನೂ ಈ ಕಡೆ ಬರಬಾರದ್ರಿ. ನಾ ಸೈತ ತಲಿಗೆ ಎಣ್ಣಿ ಹಚ್ಕೊಂಡು ಒಳಗ ಹೋಗಂಗಿಲ್ಲ. ಅವಕ್ಕ ತ್ರಾಸ ಆಗತೈತಿ," ಎಂದಳು.

"ಅವಕ್ಕ ತ್ರಾಸ ಆಗತೈತಿ?" ಎಂದಳು ಆಯಿ. ಆಮೇಲೆ ನಲ್ಲಿಯ ಹತ್ತಿರ ಹೋಗಿ ತನ್ನ ಹಣೆಯ ವಿಭೂತಿ ತೊಳೆದುಕೊಂಡಳು. ಅಜ್ಜ ಸತ್ತ ದಿನವೂ ಆ ಹಣೆ ಬರಿದಾಗಿದ್ದನ್ನು ನಾನು ಕಂಡಿಲ್ಲ. ಬಂದು ದೂರದ ಬೆಂಚಿನ ಮೇಲೆ ಕುಳಿತು, ಎಡಗೈಯಲ್ಲಿ ಲಿಂಗವಿಟ್ಟು, ಬರೀ ಒಂದು ಚಮಚ ನೀರು ಬಿಟ್ಟು ಕಣ್ಣು ಮುಚ್ಚಿದಳು. ನಾನು ಗಂಡನ ಹೆಗಲಿಗೆ ಮುಖವಿಟ್ಟು ಅತ್ತೆ.

ಲ್ಯಾಬಿನ ಪೆಟ್ಟಿಗೆಯ ಬೆಚ್ಚಗಿನ ಕತ್ತಲಲ್ಲಿ ಕೆಲವು ಬಲಿತವು, ಬಹಳಷ್ಟು ಹಸಿಯಾಗಿಯೇ ಉಳಿದವು. ಬಲಿತವುಗಳಲ್ಲಿ ಎರಡೇ ಎರಡು ಭ್ರೂಣವಾದವು. ಒಂದನ್ನು ನನ್ನ ಗರ್ಭದಲ್ಲಿ ಇಟ್ಟರು, ಇನ್ನೊಂದನ್ನು ಥಂಡಿಯಲ್ಲಿ ಕಾದಿರಿಸಿದರು. ಇಟ್ಟದ್ದು ನಿಲ್ಲಲಿಲ್ಲ. ರಕ್ತದ ಪರೀಕ್ಷೆ ಒಂದೇ ಮಾತಿನಲ್ಲಿ ಇಲ್ಲ ಎಂದಿತು.

ಖಾನಾಪುರಕ್ಕೆ ಹೋಗಿ ಹೊಸ್ತಿಲಲ್ಲೇ ಹೇಳಿದೆ. "ಆಗಲಿಲ್ಲ ಆಯಿ."

ಆಯಿ ನನ್ನ ಬೆನ್ನ ಮೇಲೆ ಕೈ ಆಡಿಸಿದಳು. ಆಮೇಲೆ "ಇನ್ನೊಂದು?" ಎಂದಳು.

"ಥಂಡ್ಯಾಗ ಇಟ್ಟಾರ. ಮಳಿಗಾಲ ಮುಗೀಲಿ, ನೋಡೂಣು ಅಂದಾರ."

"ಎಷ್ಟು ಥಂಡ್ಯಾಗ?"

"ಬರ್ಫಕ್ಕಿಂತ ಎಷ್ಟೋ ಹೆಚ್ಚು."

"ಅಯ್ಯ ಶಿವನ!" ಎಂದು ಆಯಿ ಸೆರಗು ಹೊದ್ದುಕೊಂಡಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ತನ್ನ ಲಿಂಗಕ್ಕೆ ತಣ್ಣೀರು ಎರೆದ ಆಯಿ ಎದ್ದು ಹೋಗಿ, ಕೂಸಿನ ಲಿಂಗಕ್ಕೆಂದು ಒಲೆಯ ಮೇಲಿಂದ ಪುಟ್ಟ ಗಿಂಡಿ ತಂದಳು. ಅದು ಹಬೆಯಾಡುತ್ತಿತ್ತು.

"ಇದ್ಯಾಕ ಬಿಸಿನೀರು?"

"ಥಂಡ್ಯಾಗ ಐತಿ ಅಂದೆಲ್ಲ."

"ಹುಚ್ಚು ಹಿಡದೈತೇನು ನಿನಗ? ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಹಿತ್ತಿಲಿಗೆ ಎದ್ದುಹೋದೆ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಒಣಗಿದ ಬಟ್ಟೆಗಳನ್ನೇ ಮತ್ತೆ ಹಿಂಡಿದೆ.

ಈ ಸಲ ಜಾಂಬೋಟಿಯ ಕಡೆಯಿಂದ ಬಂದ ಮಳೆ ಬಿಡಲೇ ಇಲ್ಲ. ಆಯಿಗೆ ಜ್ವರ ಎಂದು ಫೋನ್ ಬಂದು ಓಡಿದೆ. ಲಿಂಗಪೂಜೆಯಾಗದೆ ಗುಳಿಗೆಗೂ ಬಾಯಿ ತೆರೆಯುವವಳಲ್ಲ. ಗೋಡೆಗೆ ಒರಗಿಸಿ, ಕೈಗೆ ಕೈ ಕೊಟ್ಟು, ಹೇಗೋ ಅವಳ ಲಿಂಗದ ಪೂಜೆ ಮುಗಿಸಿದೆ. ಅಷ್ಟಕ್ಕೇ ಅವಳ ಕೈ ಸೋತಿತ್ತು. ದೇವರ ಜಗಲಿಯ ಮೇಲಿನ ಪುಟ್ಟ ಕರಡಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಅದು ಇನ್ನೂ ಹಂಗ ಐತಿ," ಎಂದಳು.

ನನ್ನ ಲಿಂಗ ಮಹಾಂತೇಶ ನಗರದ ಕಪಾಟಿನಲ್ಲಿದೆ. ನಾನು ಎದ್ದ ಕೂಡಲೇ ಚಹಾ ಕುಡಿಯುವವಳು. ಅವತ್ತು ಚಹಾ ಬಿಟ್ಟು ಜಗಲಿಯ ಮುಂದೆ ಕುಳಿತೆ. ಕರಡಿಗೆ ತೆರೆದು ಅದನ್ನು ಮೊದಲ ಸಲ ಎಡಗೈಗೆ ತೆಗೆದುಕೊಂಡೆ. ಕೈಯಲ್ಲಿ ಏನೂ ಇಲ್ಲ ಅನ್ನುವಷ್ಟು ಹಗುರ. ತಂಬಿಗೆ ಎತ್ತಿದೆ. ನೀರು ಕೊರೆಯುತ್ತಿತ್ತು.

ತಂಬಿಗೆ ಕೆಳಗಿಟ್ಟು ಎದ್ದೆ. ಎಡಗೈ ಮುಚ್ಚಿ ಎದೆಗೆ ಒತ್ತಿಕೊಂಡು, ಬಲಗೈಯಿಂದ ಒಲೆ ಹೊತ್ತಿಸಿ ಗಿಂಡಿ ಇಟ್ಟೆ. ಇಳಿಸಿ ಬೆರಳು ಅದ್ದಿ ನೋಡಿದೆ. ಬಿಸಿ ಹೆಚ್ಚಾಯಿತು ಅನ್ನಿಸಿತು. ಒಂದಿಷ್ಟು ತಣ್ಣೀರು ಬೆರೆಸಿ, ಮತ್ತೆ ಅದ್ದಿ ನೋಡಿದೆ.