ಭಾಷಣ ತರುವ ಕೆಲಸ

ಸಂತೆಯಿಂದ ಉಪ್ಪು, ಮೆಣಸಿನಕಾಯಿ ತರುವ ಹಾಗೆ ನಮ್ಮಪ್ಪ ಚನ್ನರಾಯಪಟ್ಟಣದಿಂದ ಭಾಷಣ ತರುತ್ತಿದ್ದರು. ಸ್ವಾತಂತ್ರ್ಯ ದಿನದ ಬೆಳಿಗ್ಗೆ ತಾಲ್ಲೂಕು ಮೈದಾನದಲ್ಲಿ ಬಾವುಟ ಏರಿಸಿದ ಮೇಲೆ ದೊಡ್ಡವರು ಆಡಿದ್ದನ್ನು ಕೇಳಿಕೊಂಡು ಬರಲು ಊರು ನೇಮಿಸಿದ್ದ ಅಧಿಕೃತ ಕಿವಿ ಅವರದು. ಸಂಬಳವಿಲ್ಲದ ಹುದ್ದೆ. ಆದರೂ ಒಗೆದ ಪಂಚೆಯಿಲ್ಲದೆ ಒಂದು ವರ್ಷವೂ ಹಾಜರಾದವರಲ್ಲ.

ಮಾತಾಡುವವರು ಬಹಳ ಸಲ ಅಪ್ಪ ಓಟು ಹಾಕದ ಪಕ್ಷದವರೇ ಆಗಿರುತ್ತಿದ್ದರು. ಚಿಕ್ಕವನಿದ್ದಾಗ ಜೊತೆಗೆ ಹೋಗಿ ನೋಡಿದ್ದೇನೆ: ಎರಡೂ ಪಕ್ಷದವರು ಒಂದೇ ಬೇವಿನ ಮರದ ನೆರಳಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು. ಬೈಯುವುದೆಲ್ಲ ಆಮೇಲೆ, ಹೋಟೆಲಿನಲ್ಲಿ, ಕಾಫಿ ಬಂದ ಮೇಲೆ. ಸಂಜೆ ಜಗಲಿಯಲ್ಲಿ ಕೂತು ಅಪ್ಪ ಅಷ್ಟನ್ನೂ ಊರಿಗೆ ಒಪ್ಪಿಸುವರು. "ಸುಳ್ಳು ಕಣಣ್ಣ ಅದು" ಎಂದು ಯಾರಾದರೂ ಅಂದರೆ, "ಸುಳ್ಳೋ ನಿಜವೋ ನಂಗೊತ್ತಿಲ್ಲ ಕಣ್ಲಾ. ಅವ್ರಂದಿದ್ದು ಇದು" ಅನ್ನುವರು. ಆ ವರ್ಷ ಕೆರೆಗೆ ನೀರು ಬಿಡುವ ಮಾತೂ ಅದರಲ್ಲೇ ಇರುತ್ತಿತ್ತು; ಅದನ್ನು ನಂಬಿ ಜನ ನೀರು ಬೇಡುವ ಭತ್ತವೋ ಮಳೆಗೇ ಬೆಳೆಯುವ ರಾಗಿಯೋ ಎಂದು ತೀರ್ಮಾನಿಸುತ್ತಿದ್ದರು.

ಅಪ್ಪನ ತರುವಾಯ ಹುದ್ದೆ ವಂಶಪಾರಂಪರ್ಯವಾಗಿ ನನ್ನ ಪಾಲಿಗೆ ಬಂತು. ಈ ಸಲ ಹೊರಡುವಾಗ ಅತ್ತಿಗೆ ಬಾಗಿಲಿಗೆ ಬಂದು, "ಕೆರೆಗೆ ನೀರು ಬುಡ್ತಾರಾ ಇಲ್ವಾ, ಅದೊಂದ ಕೇಳ್ಕಂಬಾರಪ್ಪ. ಭತ್ತದ ಸಸಿ ನಾಟಿಗೆ ಬಂದದೆ" ಎಂದರು.

ಮೈದಾನದಲ್ಲಿ ಕುರ್ಚಿಗಳೇ ಎರಡು ಪಕ್ಷವಾಗಿದ್ದವು. ಈ ಸಲ ಮಾತಿಗೆ ನಿಂತವರು ನಮ್ಮ ಪಕ್ಷದ ಶಾಸಕರು. ನಮ್ಮ ಕಡೆಯವರದು ವಾಕ್ಯ ಮುಗಿಯುವ ಮೊದಲೇ ಚಪ್ಪಾಳೆ, ಆಚೆಯವರದು ವಾಕ್ಯ ಶುರುವಾಗುವ ಮೊದಲೇ ಧಿಕ್ಕಾರ. 'ಎಲ್ಲರಿಗೂ ನಮಸ್ಕಾರ' ಎಂಬುದಕ್ಕೂ ತೀವ್ರ ವಿರೋಧ ವ್ಯಕ್ತವಾಯಿತು. ಕೊನೆಗೂ ನಮ್ಮ ಕೆರೆಯ ಹೆಸರು ಬಂತು. "ಈ ವರ್ಷ ಆ ಕೆರೆಗೆ ನೀರು..." ಎನ್ನುತ್ತಿದ್ದ ಹಾಗೇ ಎರಡೂ ಕಡೆಯವರು ಒಟ್ಟಿಗೆ ಎದ್ದರು. ಗದ್ದಲ ಅಡಗುವಷ್ಟರಲ್ಲಿ ಭಾಷಣ ಕೆರೆ ದಾಟಿ ಅಂಗನವಾಡಿಗೆ ಹೋಗಿತ್ತು. ಪಕ್ಕದವನನ್ನು ಕೇಳಿದೆ.

"ಏನಾರ ಅನ್ಲಿ ಬುಡಿ ಸಾ, ಸೌಂಡು ನಮ್ಮೋರ್ದೇ ಜಾಸ್ತಿ" ಅಂದ. ಅವನು ಫೋನಿನಲ್ಲಿ ಹಿಡಿದಿದ್ದ ವಿಡಿಯೋದಲ್ಲೂ ಆ ಜಾಗದಲ್ಲಿ ಅದೇ ಸೌಂಡು.

ಅತ್ತಿಗೆ ಜಗಲಿಯಲ್ಲೇ ಕಾದಿದ್ದರು.

"ಏನಂದ್ರು?"

"ಕೇಳಿಸ್ಲಿಲ್ಲ ಅತ್ತಿಗೆ. ಚಪ್ಪಾಳೆ, ಗಲಾಟೆ."

"ನೀನೇನ್ ಮಾಡ್ತಿದ್ದೆ?"

ಅಂಥ ಅಪ್ಪನ ಮಗನಾಗಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಚಪ್ಪಾಳೆ ತಟ್ತಿದ್ದೆ."

"ಯಾತುಕ್ಕೆ?"

ಅತ್ತಿಗೆ ಸೆರಗು ಕೊಡವಿ ಎದ್ದರು. ಆಮೇಲೆ, "ಸಸೀನ ಬೋರ್‌ವೆಲ್ ಇರೋರ್ಗೆ ಕೊಟ್ಬುಟ್ಟು ರಾಗಿ ಚೆಲ್ಲುಸ್ತೀನಿ ಬುಡು" ಎಂದು ಒಳಗೆ ಹೋದರು.