ಬಾಟಲಿ ಚಿಕ್ಕಪ್ಪನಿಗೆ ಗೊತ್ತಿಲ್ಲದ ಬಾಟಲಿ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಕೋಣೆಗೆ ಇಪ್ಪತ್ತೆರಡು ವರ್ಷದಿಂದ ಅವನೇ ಅಟೆಂಡರ್. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಬಾಟಲಿ ಚಿಕ್ಕಪ್ಪ ಎಂದು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಒಮ್ಮೊಮ್ಮೆ ಪುಟ್ಟ ಗಂಟು ಎದ್ದಿರುತ್ತದೆ, ಅದಕ್ಕೆ ಪಾಲಿಪ್ ಎನ್ನುತ್ತಾರೆ. ಕಂಡರೆ ಡಾಕ್ಟರು ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಅದನ್ನು ಹೆಬ್ಬೆರಳುದ್ದದ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ಕೆಳಗಿನ ಲ್ಯಾಬಿಗೆ ಒಯ್ದು ಕೊಡುವುದು ಇವನ ಕೆಲಸ. ಇಷ್ಟು ವರ್ಷದಲ್ಲಿ ಒಂದು ಬಾಟಲಿಯೂ ಅದಲುಬದಲಾಗಿಲ್ಲ, ಒಂದೂ ಕೈಜಾರಿ ಬಿದ್ದಿಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಇನ್ನೊಂದು ಜಂಭವೂ ಇತ್ತು. ಕೊಳವೆ ಬಿಡುವ ಮುಂಚೆ ರೋಗಿಗೆ ಮಂಪರಿನ ಮದ್ದು ಕೊಡುತ್ತಾರೆ. ಮುಗಿದ ಮೇಲೆ ರೋಗಿ ಕಣ್ಣು ಬಿಟ್ಟು, ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ. ಆಮೇಲೆ ಕೇಳಿದರೆ ಒಂದಕ್ಷರವೂ ನೆನಪಿರುವುದಿಲ್ಲ. ಅದಕ್ಕೇ ಜೊತೆಗೆ ಬಂದವರನ್ನು ಒಳಗೆ ಕರೆದು ಹೇಳುವುದು ಅಲ್ಲಿನ ಪದ್ಧತಿ.

"ಅಮ್ಮಾ, ನಿಮ್ಮ ಯಜಮಾನ್ರು ಈಗ ಎಲ್ಲಾದಕ್ಕೂ ಹೂಂ ಅಂತಾರೆ. ಮನೆ ಬರ್ಕೊಡಿ ಅಂದ್ರೂ ಹೂಂ ಅಂತಾರೆ. ನಂಬ್ಬೇಡಿ! ನೀವು ಕೇಳಿಸ್ಕೊಳ್ಳಿ, ಕಾಗದ ನೀವು ಇಟ್ಕೊಳ್ಳಿ" ಎಂದು ಬಾಟಲಿ ಚಿಕ್ಕಪ್ಪ ದಿನಕ್ಕೆ ಹತ್ತು ಸಲ ಉಪದೇಶ ಮಾಡುತ್ತಿದ್ದ.

ಇಂಥ ಮಹಾಶಯ, ನಾಲ್ಕು ವರ್ಷದ ಹಿಂದೆ ತನಗೆ ಐವತ್ತು ತುಂಬಿದಾಗ, ಆಗಿದ್ದ ಹಳೆಯ ಡಾಕ್ಟರ ಕಾಟ ತಾಳಲಾರದೆ ತಾನೂ ಒಂದು ಬೆಳಿಗ್ಗೆ ಅದೇ ಮಂಚದ ಮೇಲೆ ಮಲಗಿದ್ದ. ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. "ನಮ್ಮನೆಗೆ ನಾವು ಹೋಗೋಕೆ ಜೊತೆ ಯಾಕೆ?" ಎಂದಿದ್ದ. ಎದ್ದ, ಕಾಫಿ ಕುಡಿದ, ಮನೆಗೆ ಹೋದ. ಮರುದಿನ ಯಾರೂ ಏನೂ ಹೇಳಲಿಲ್ಲ. ಏನಾದರೂ ಇದ್ದಿದ್ದರೆ ಹೇಳುತ್ತಿರಲಿಲ್ಲವೇ ಎಂದುಕೊಂಡು ಇವನೂ ಕೇಳಲಿಲ್ಲ. ಆ ತಿಂಗಳ ಕೊನೆಗೆ ಹಳೆಯ ಡಾಕ್ಟರು ನಿವೃತ್ತರಾದರು.

ಅವನಿಗೆ ಒಬ್ಬಳೇ ಅಕ್ಕ. ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹೋದ ವರ್ಷ ಒಂದು ದಿನ ಅವಳು ತಮ್ಮನನ್ನು ಮೂಲೆಗೆ ಕರೆದು, ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ನಾಚಿಕೊಂಡೇ ಹೇಳಿದ್ದಳು. ಇವನು ಹೋ ಎಂದು ನಕ್ಕುಬಿಟ್ಟಿದ್ದ.

"ದಿನವಿಡೀ ನಿಂತಿರ್ತೀಯ, ಮೂಲವ್ಯಾಧಿ ಇರ್ಬೇಕು. ನೀರು ಕುಡಿ. ನಾನು ಕೊಳವೆ ಬಿಟ್ಟು ನೋಡ್ಸಿದ್ದೀನಲ್ಲ, ಕರುಳು ತೊಳೆದಿಟ್ಟ ಹಾಗಿದೆ. ಒಂದೇ ತಾಯಿ ಮಕ್ಕಳಲ್ವಾ ನಾವು? ನಿನಗೂ ಏನೂ ಇರಲ್ಲ ಕಣಕ್ಕಾ."

ಅಕ್ಕ ಸಮಾಧಾನದಿಂದ ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಳು.

ಈ ವರ್ಷ ಹೊಸ ಡಾಕ್ಟರಮ್ಮ ಬಂದವರೇ ಒಂದು ಕೆಲಸ ಹಚ್ಚಿದರು. ಕಳೆದ ಐದು ವರ್ಷದಲ್ಲಿ ಈ ಕೋಣೆಗೆ ಬಂದವರಲ್ಲಿ ಎಷ್ಟು ಜನರಿಗೆ ಪಾಲಿಪ್ ಇತ್ತು, ಎಣಿಸಿ ಕೊಡಿ ಎಂದರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನರ್ಸಮ್ಮ ರಿಜಿಸ್ಟರ್ ಓದುವುದು, ಬಾಟಲಿ ಚಿಕ್ಕಪ್ಪ ಗೀಟು ಹಾಕುವುದು.

"ಹತ್ತರಲ್ಲಿ ಒಬ್ಬರಿಗೆ, ಅಷ್ಟೇ. ಬೇಕಿದ್ರೆ ಬೆಟ್ ಕಟ್ಟಿ. ಬಾಟಲಿ ಹೊರೋನು ನಾನು, ನನಗೆ ಗೊತ್ತಿರಲ್ವಾ?" ಎಂದು ಅವನು ಮೊದಲೇ ತೀರ್ಪು ಕೊಟ್ಟಿದ್ದ.

ಮೊದಲ ರಿಜಿಸ್ಟರ್ ಮುಗಿಯಿತು. ಬಂದವರು ಆರುನೂರ ಹನ್ನೆರಡು. ಪಾಲಿಪ್ ಸಿಕ್ಕವರು ಇನ್ನೂರ ಐದು.

"ಸುಳ್ಳು!" ಎಂದು ಪೆನ್ನು ಎಸೆದ. ಮತ್ತೆ ಎಣಿಸಿದ. ಅಷ್ಟೇ ಬಂತು. ಮೂರು ಜನರಲ್ಲಿ ಒಬ್ಬರಿಗೆ! ಒಂದೊಂದು ಬಾಟಲಿಯನ್ನೂ ಕಣ್ಣಿನ ಹಾಗೆ ಕಾಯ್ದವನು, ಎಷ್ಟು ಜನರಲ್ಲಿ ಎಷ್ಟು ಬಾಟಲಿ ಎಂದು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಒಂಬತ್ತು ಜನ ಮರುದಿನದ ಚೀಟಿಗೆ ಕಾಯುತ್ತ ಕೂತಿದ್ದರು. ಒಬ್ಬರು ಪೇಪರ್ ಓದುತ್ತಿದ್ದರು, ಒಬ್ಬಳು ಮಗುವಿನ ಸ್ವೆಟರ್ ಹೆಣೆಯುತ್ತಿದ್ದಳು.

"ಇವರಲ್ಲಿ ಮೂರು ಜನಕ್ಕಾ ನರ್ಸಮ್ಮಾ? ಅಯ್ಯಯ್ಯೋ, ನೋಡಿದ್ರೆ ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರಲ್ರೀ!"

"ಇಲ್ಲಿಗೆ ಬರೋದೇ ವಯಸ್ಸಾದೋರು, ಏನಾದ್ರೂ ತೊಂದರೆ ಇರೋರು. ಊರಿಗೆಲ್ಲಾ ಇದೇ ಲೆಕ್ಕ ಅಂತಲ್ಲ" ಎಂದರು ನರ್ಸಮ್ಮ. "ಅದೂ ಅಲ್ದೆ ಎಲ್ಲಾ ಪಾಲಿಪ್ಪೂ ಕೆಟ್ಟದ್ದಲ್ಲ. ಕೆಲವು ಮಾತ್ರ, ಹಾಗೇ ಬಿಟ್ರೆ, ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗುತ್ತೆ. ಯಾವುದು ಅಂತ ಮುಖ ನೋಡಿ ಹೇಳೋಕಾಗಲ್ವಲ್ಲ."

ಮರುದಿನ ಮುಂದಿನ ರಿಜಿಸ್ಟರ್. ಅರ್ಧ ಮುಗಿದಿತ್ತು. ನರ್ಸಮ್ಮ ಹೆಸರು ಬಿಟ್ಟು ಉಳಿದದ್ದನ್ನಷ್ಟೇ ಓದುತ್ತಿದ್ದರು.

"ಗಂಡಸು, ಐವತ್ತು. ಎರಡು ಪಾಲಿಪ್, ಅದರಲ್ಲಿ ಒಂದು ದೊಡ್ಡದು. ಮೂರು ವರ್ಷಕ್ಕೆ ಮತ್ತೆ ನೋಡ್ಬೇಕು. ಒಡಹುಟ್ಟಿದವರನ್ನೂ ಕರೆಸಿ ನೋಡ್ಬೇಕು."

ಚಿಕ್ಕಪ್ಪ ಗೀಟು ಹಾಕಿದ. "ಪಾಪ. ಮತ್ತೆ ಬಂದ್ನಾ?"

"ಬಂದ ಗುರುತಿಲ್ಲ. ಜೊತೆಗೆ ಬಂದೋರ ಫೋನ್ ನಂಬರ್ ಇರೋ ಕಡೆ ಬರೀ 'ನಮ್ಮವರೇ' ಅಂತ ಬರೆದಿದೆ. ಅದಕ್ಕೇ ಯಾರೂ ಫೋನ್ ಮಾಡಿಲ್ಲ. ನೋಡಿ, ಕೊಡ್ಬೇಕಾದ ಕಾಗದವೂ ಇಲ್ಲೇ ಪಿನ್ ಹಾಕ್ಕೊಂಡಿದೆ."

"ನಮ್ಮವರೇ ಅಂದ್ರೆ? ಇಲ್ಲೇ ಇದ್ದೂ ಬಂದಿಲ್ವಾ? ಯಾವ ಗೂಬೆರೀ ಅದು?"

ನರ್ಸಮ್ಮ ಹೆಸರು ನೋಡಲು ಬೆರಳು ಸರಿಸಿದರು. ಬೆರಳು ಅಲ್ಲೇ ನಿಂತಿತು. ಅವರು ಓದಲಿಲ್ಲ, ಮೆಲ್ಲಗೆ ತಲೆಯೆತ್ತಿ ಅವನ ಮುಖವನ್ನೇ ನೋಡಿದರು.

ಅವನು ಎದ್ದು ನಿಂತ. ರಿಜಿಸ್ಟರ್ ಕಿತ್ತುಕೊಂಡು ನೋಡಿದ. ತನ್ನದೇ ಹೆಸರು! ಅಂದು ಹಳೆಯ ಡಾಕ್ಟರು ಮಂಪರಿನಲ್ಲಿದ್ದ ಇವನಿಗೇ ಎಲ್ಲ ಹೇಳಿದ್ದರು, ಇವನು ಹೂಂ ಎಂದಿದ್ದ; ತನ್ನ ಬಾಟಲಿಯನ್ನು ಬೇರೆ ಯಾರೋ ಒಯ್ದಿದ್ದರು, ಆಮೇಲೆ ಬಂದ ಲ್ಯಾಬಿನ ವರದಿ ಇಲ್ಲೇ ಉಳಿದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ!

ಡಾಕ್ಟರಮ್ಮ ಚೆನ್ನಾಗಿ ಬೈದರು. ನಾಳೆಯೇ ಮಲಗಬೇಕು ಎಂದರು. ಅವನ ಕಿವಿಗೆ ಅದು ಬೀಳಲಿಲ್ಲ. ಒಡಹುಟ್ಟಿದವರನ್ನೂ ನೋಡಬೇಕು ಎಂದು ಬರೆದಿತ್ತಲ್ಲ, ಅವನು ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದ. ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಬೀದಿಗಿಳಿದು ಓಡಿದ.

ಲಾಂಡ್ರಿಯಲ್ಲಿ ಅಕ್ಕ ಹೋಟೆಲಿನ ಹಾಸಿಗೆ ಬಟ್ಟೆ ಮಡಚುತ್ತಿದ್ದಳು.

"ಏನೋ ಇದು, ನಾಯಿ ಅಟ್ಟಿಸ್ಕೊಂಡು ಬಂತಾ?"

"ಅಕ್ಕಾ, ನನಗೆ ಏನೂ ಇಲ್ಲ ಅಂದಿದ್ನಲ್ಲ, ಅದು ಸುಳ್ಳು. ಇತ್ತು. ನನಗೇ ಗೊತ್ತಿರ್ಲಿಲ್ಲ." ಉಸಿರು ಸಿಗುತ್ತಿರಲಿಲ್ಲ. "ನಿನಗೆ ಈಗ್ಲೂ ರಕ್ತ ಹೋಗ್ತಿದೆಯಾ?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೆಲ್ಲಗೆ ಮಾತಾಡೋ. ನಿಂತೇ ಇಲ್ಲ. ನೀನು ಏನೂ ಇರಲ್ಲ ಅಂದ್ಯಲ್ಲ, ಅದಕ್ಕೇ ಹೇಳೋದು ಬಿಟ್ಟೆ."

ಆ ವಾರವೇ ಇಬ್ಬರಿಗೂ ಪರೀಕ್ಷೆ ಆಯಿತು. ಅವನ ಕರುಳಿನಲ್ಲಿ ಸಣ್ಣದೊಂದು ಪಾಲಿಪ್ ಇತ್ತು, ಅಲ್ಲೇ ತೆಗೆದರು, ಲ್ಯಾಬಿನವರೂ ಭಯವಿಲ್ಲ ಎಂದರು. ಅಕ್ಕನದು ಹಾಗಲ್ಲ. ಕೊಳವೆಯಿಂದ ತೆಗೆಯಲಾಗದಷ್ಟು ಬೆಳೆದಿತ್ತು. ಚೂರು ತೆಗೆದು ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡರು.

"ಕ್ಯಾನ್ಸರ್. ಆಪರೇಷನ್ ಮಾಡೋಣ, ನನಗೆ ಭರವಸೆ ಇದೆ. ಆದ್ರೆ ಸುಲಭ ಅಂತ ಹೇಳಲ್ಲ."

"ಹೋದ ವರ್ಷವೇ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ವರದಿಯನ್ನು ಮಡಚಿಟ್ಟರು. "ಇಷ್ಟು ಬೆಳೀತಿರ್ಲಿಲ್ಲ. ಬಹುಶಃ ನಿಮ್ಮದನ್ನ ತೆಗೆದ ಹಾಗೇ ಇಲ್ಲೇ ತೆಗೀಬಹುದಿತ್ತು."

ಅಕ್ಕನಿಗೆ ಅವನೇ ಹೇಳಬೇಕಾಯಿತು. ಅವಳ ಅಡುಗೆಮನೆಯಲ್ಲಿ, ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಅವಳು ಒಲೆ ಆರಿಸಿ ನೆಲದ ಮೇಲೆ ಕೂತಳು.

"ನಿಂದು?" ಎಂದಳು ಆಮೇಲೆ.

"ನನಗೇನೂ ಇಲ್ಲ. ಚಿಕ್ಕದಿತ್ತು, ತೆಗೆದ್ರು."

"ಅಪ್ಪಾ, ಸದ್ಯ!" ಎಂದು ಅವಳು ನಿಜವಾಗಿಯೂ ಎದೆ ಮೇಲೆ ಕೈಯಿಟ್ಟುಕೊಂಡಳು.

ಅವನಿಗೆ ತಡೆಯಲಾಗಲಿಲ್ಲ. ಅಕ್ಕನ ಮುಂದೆ ಕುಸಿದು ಕೂತು ಅತ್ತುಬಿಟ್ಟ. "ಬೈಯಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ, ಒಂದ್ಸಲ ಬೈದುಬಿಡು."

"ಬೈದು ಏನ್ಮಾಡ್ಲೋ?" ಎಂದಳು ಅಕ್ಕ. "ಬೇರೆ ಯಾರು ಏನೂ ಇಲ್ಲ ಅಂದಿದ್ರೂ ನಾನು ಡಾಕ್ಟರ ಹತ್ರ ಹೋಗ್ತಿದ್ದೆ. ನೀನು ಹೇಳ್ದೆ ಅಂತ ಸುಮ್ಮನಾದೆ."