ಪುಸ್ತಕದಲ್ಲಿ ಇಲ್ಲದ ಮಾತು

ವೈನಿ, ಅವತ್ತು ನಾನು ನಿಮಗೆ ಹೇಳಿದ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ನಾನೇ ಹುಟ್ಟಿಸಿದೆ — ನಿಮ್ಮ ಎದುರು ಕೂತು, ನಿಮ್ಮ ಮುಖ ನೋಡುತ್ತಲೇ. ಎಂಟು ವರ್ಷದಿಂದ ನೀವು ನಿಮ್ಮ ಬಗ್ಗೆ ನಂಬಿಕೊಂಡು ಬಂದಿರುವುದು ನನ್ನ ಒಂದು ಸುಳ್ಳನ್ನು.

ಇದನ್ನು ಬರೆಯಲು ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆಯಲ್ಲಿ ನಾನು ಏನು ಮಾಡುವವಳು ಎಂಬುದು ನನಗೆ ಗೊತ್ತಿರುವುದರಿಂದ ಇನ್ನೂ ಹೆಚ್ಚು. ಆದರೂ ಏನನ್ನೂ ಬಿಡದೆ ಬರೆಯುತ್ತೇನೆ.

ಆಗ ನಾನು ವಿಜಯಪುರದಲ್ಲಿ ಮನೋವಿಜ್ಞಾನದ ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದೆ. ವ್ಯಕ್ತಿತ್ವದ ಬಗೆಗಿನ ಪಾಠಗಳಲ್ಲಿ ನನಗೆ ಹಿಡಿಸಿದ್ದು ಕಲಿಕೆಯ ಸಿದ್ಧಾಂತಗಳು. ಮನುಷ್ಯನ ಸ್ವಭಾವ ಎಂದು ನಾವು ಕರೆಯುವುದರಲ್ಲಿ ಬಹಳಷ್ಟು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಮೆಚ್ಚುಗೆ ಸಿಕ್ಕ ನಡತೆ ಬೆಳೆಯುತ್ತದೆ, ಸಿಗದ ನಡತೆ ಬಾಡುತ್ತದೆ. ಕಿರುಪ್ರಬಂಧಕ್ಕಾಗಿ ಇದನ್ನು ಒಬ್ಬ ವ್ಯಕ್ತಿಯಲ್ಲಿ ತೋರಿಸಬೇಕಿತ್ತು. ತರಗತಿಗಳು ಕಡಿಮೆ ಇದ್ದವು, ನಾನು ಬನಹಟ್ಟಿಯ ಮನೆಯಲ್ಲೇ ಇದ್ದೆ. ನೀವು ಮದುವೆಯಿಂದಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಯುಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಿರಿ. ದಿನವಿಡೀ ಕಂಡಿಕೆ ಯಂತ್ರದ ಮುಂದೆ ನೂಲು ಸುತ್ತುತ್ತಿದ್ದಿರಿ. ಮಧ್ಯಾಹ್ನ ಕರೆಂಟ್ ಹೋಗಿ ಮನೆಯ ನಾಲ್ಕೂ ಮಗ್ಗ ನಿಂತಾಗ ಮೂಲೆಯಲ್ಲಿ ಕೂತು ಬರೆಯುತ್ತಿದ್ದಿರಿ.

ನಿಮ್ಮ ಓದಿನ ಬಗ್ಗೆ ಬರೆದುಕೊಳ್ಳಲೇ ಎಂದು ಕೇಳಿದಾಗ ನಕ್ಕಿರಿ. "ನನ್ನ ಬಗ್ಗೆ ಬರ್ಯಾಕ ಏನೈತಿ? ಕಂಡಿಕಿ ಸುತ್ತತಾಳ, ಮಾತ ಭಾಳ ಆಡತಾಳಂತ ಬರಿ."

ನಮ್ಮ ಮನೆಯ ರೂಢಿ ನಿಮಗೆ ಗೊತ್ತು. ಮಗ್ಗದಿಂದ ಇಳಿದ ಸೀರೆ ಎಷ್ಟೇ ಚೆನ್ನಾಗಿ ಬಂದಿದ್ದರೂ ಯಾರೂ ಛಲೋ ಆಗೇತಿ ಎನ್ನುವುದಿಲ್ಲ — ದೃಷ್ಟಿಯಾದರೆ ಮರುದಿನ ಎಳೆ ಹರಿಯುತ್ತದೆ ಎಂಬ ಅಂಜಿಕೆ. ಮನುಷ್ಯರಿಗೂ ಅದೇ ನಿಯಮ. ಅಣ್ಣನ ಹೆಂಡತಿಯಾಗಿ ಆ ಮನೆಗೆ ಬಂದ ಮೇಲೆ ನೀವು ಒಂದೇ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ನಾನು ಅದನ್ನು ಗಮನಿಸಿದ್ದೆ. ಅದಕ್ಕೇ ನಿಮ್ಮನ್ನು ಆರಿಸಿಕೊಂಡೆ. ಹೊಗಳಿಕೆಯ ಬೇರೆ ಮೂಲವೇ ಇಲ್ಲದವರಲ್ಲಿ ಅದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ ಎಂದು ನನ್ನ ವಹಿಯಲ್ಲಿ ಬರೆದಿದ್ದೆ. ಎಷ್ಟು ತಣ್ಣಗೆ ಬರೆದಿದ್ದೆ —

ಮೊದಲ ಎರಡು ವಾರ, ನೀವು ಬರೆದ ಪ್ರತಿ ಉತ್ತರಕ್ಕೂ ಹೊಗಳಿದೆ. "ಛಲೋ ಬರದೀರಿ ವೈನಿ" ಎಂದ ಮೊದಲ ದಿನ ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದಿರಿ, ಯಾರಾದರೂ ಕೇಳಿಸಿಕೊಂಡರೇ ಎಂದು. ನಿಮ್ಮ ಬರವಣಿಗೆ ದಿನದಿಂದ ದಿನಕ್ಕೆ ಹೆಚ್ಚಿತು.

ಎರಡನೆಯ ಹಂತದಲ್ಲಿ ಹೊಗಳಿಕೆ ನಿಲ್ಲಿಸಿದೆ. ಬೈಯಲಿಲ್ಲ, ತಿದ್ದಲಿಲ್ಲ, ಸುಮ್ಮನಿದ್ದೆ. ನೀವು ಹಾಳೆ ಕೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದಿರಿ. "ತಪ್ಪ ಬರದೇನೇನ ರೇಣು?" ಎಂದು ಕೇಳಿದಿರಿ. "ನೋಡೋಣ್ರಿ" ಎಂದೆ. ಪುಟಗಳು ಕಡಿಮೆಯಾದವು. ಬರೆದದ್ದನ್ನು ನೀವೇ ಹೊಡೆದುಹಾಕತೊಡಗಿದಿರಿ, ಸರಿಯಿದ್ದುದನ್ನೂ. ನಾನು ಎಲ್ಲವನ್ನೂ ದಾಖಲಿಸಿದೆ.

ಮೂರನೆಯ ಹಂತದಲ್ಲಿ ಹೊಗಳಿಕೆಯನ್ನು ಹಿಂದಿರುಗಿಸಬೇಕಿತ್ತು. ಅದು ನಿಯಮ. ಸಿದ್ಧಾಂತ ಸಾಬೀತಾಗುವುದಕ್ಕಷ್ಟೇ ಅಲ್ಲ, ಆ ಮನುಷ್ಯರನ್ನು ಮೊದಲಿದ್ದ ಹಾಗೆ ಬಿಟ್ಟು ಏಳುವುದಕ್ಕೂ.

ಆ ಹಂತ ಶುರುವಾಗಬೇಕಿದ್ದ ಬೆಳಿಗ್ಗೆ ಚಹಾ ಕುಡಿಯುವಾಗ ಅವ್ವ ಅಂದಳು: "ಅಕಿ ಪಾಸಾದ್ಲಂದ್ರ ಅಂಗನವಾಡಿಗೆ ಅರ್ಜಿ ಹಾಕ್ತಾಳಂತ. ಮತ್ತ ಕಂಡಿಕಿಗೆ ಯಾರ ಕುಂದ್ರಾವ್ರು? ನಿಂದ ಹೆಂಗೂ ಸಾಲಿ ಮುಗೀತು, ನೀನ ಕುಂದ್ರ."

"ಹೂಂ, ಕಂಡಿಕಿ ಪ್ರೊಫೆಸರ್ ಆಗ್ಲಿ" ಎಂದು ಅಣ್ಣ ನಕ್ಕ.

ನಾನೂ ನಕ್ಕೆ. ಆದರೆ ಅವ್ವ ತಮಾಷೆಗೆ ಹೇಳುವವಳಲ್ಲ. ಪಿಯುಸಿವರೆಗೆ ನಾನು ಕೂತಿದ್ದು ಅದೇ ಯಂತ್ರದ ಮುಂದೆ. ಕಾಲೇಜು ಸಿಕ್ಕಿತೆಂದು ಅಲ್ಲಿಂದ ಎದ್ದವಳು, ಮತ್ತೆ ಕೂತರೆ ಏಳುವುದಿಲ್ಲ ಎಂಬುದು ನನಗೆ ಖಚಿತವಿತ್ತು. ಇದು ಕಾರಣ, ನೆಪವಲ್ಲ. ಹೆದರಿದವಳು ನಾನು, ಬೆಲೆ ತೆತ್ತವರು ನೀವು.

ಆ ಮಧ್ಯಾಹ್ನ ಕರೆಂಟ್ ಹೋಯಿತು. ನೀವು ಖಾಲಿ ಹಾಳೆ ಹಿಡಿದು ಬಂದಿರಿ. "ರೇಣು, ನೀ ಕಲತಾಕಿ. ನೀ ಹೇಳಿದ್ರ ನಾ ನಂಬ್ತೇನಿ. ನನ್ನ ಕೈಲೆ ಇದು ಆಗ್ತೈತೇನ?"

ಆಗ್ತೈತಿ ಎಂಬ ಒಂದು ಮಾತು ಸಾಕಿತ್ತು. ಹೇಳಬೇಕಾಗಿದ್ದ ದಿನವೂ ಅದೇ.

"ವೈನಿ, ಓದು ಬಿಟ್ಟ ಇಷ್ಟ ವರ್ಷ ಆದ ಮ್ಯಾಲ ತಲಿ ಹೊಸದನ್ನ ಹಿಡಿಯೂದಿಲ್ರಿ. ನಮ್ಮ ಪುಸ್ತಕದಾಗ ಹಂಗ ಐತಿ."

ನಿಮಗಾಗ ಇಪ್ಪತ್ತಾರು ವರ್ಷ.

"ಹೌದನ" ಎಂದಿರಿ, ಅಷ್ಟೇ. ಸಿಟ್ಟಿಲ್ಲ, ವಾದವಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿದಿರಿ. ಕರೆಂಟ್ ಬಂದ ಕೂಡಲೇ ಎದ್ದು ಹೋದಿರಿ. ಪರೀಕ್ಷೆಯ ದಿನ ತಲೆನೋವೆಂದು ಮಲಗಿದ್ದಿರಿ. ನಾನು ಅಮೃತಾಂಜನ ತಂದು ಹಚ್ಚಿದೆ — ನನ್ನದೇ ಬೆರಳುಗಳಿಂದ.

ಪ್ರಬಂಧದಲ್ಲಿ, ಮೂರನೆಯ ಹಂತಕ್ಕೆ ಮೊದಲೇ ಅವರು ಸ್ವಇಚ್ಛೆಯಿಂದ ಹಿಂದೆ ಸರಿದರು ಎಂದು ಬರೆದೆ. ಮಾರ್ಗದರ್ಶಕರು ಯಾಕೆ ಎಂದು ಕೇಳಿದರು. ಮನೆಗೆಲಸ ಹೆಚ್ಚಾಯಿತು ಸರ್, ಎಂದೆ. ಒಳ್ಳೆಯ ಅಂಕ ಬಂದವು. ಈಗ ಜಮಖಂಡಿಯಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅದನ್ನೇ ಕಲಿಸುತ್ತೇನೆ. ತನ್ನಿಂದ ಆಗುವುದಿಲ್ಲ ಎಂಬುದನ್ನೂ ಮನುಷ್ಯ ಕಲಿಯುತ್ತಾನೆ ಎಂಬ ಪಾಠ ಪ್ರತಿವರ್ಷ ಬರುತ್ತದೆ. ಹುಡುಗಿಯರು ಉದಾಹರಣೆ ಕೇಳುತ್ತಾರೆ. ಬಾಯಿಗೆ ಬಂದದ್ದನ್ನು ನುಂಗಿ ಬೇರೇನೋ ಹೇಳುತ್ತೇನೆ.

ಹೀಗೇ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ — ಹೌದು, ಇದ್ದುಬಿಡುತ್ತಿದ್ದೆ. ಹೋದ ತಿಂಗಳು ಬನಹಟ್ಟಿಗೆ ಬಂದಾಗ ನಿಮ್ಮ ಮಗಳು ಭಾಗ್ಯ ಲೆಕ್ಕ ಮಾಡುತ್ತಿದ್ದಳು. ಅರ್ಧ ಸರಿಯಾಗಿಯೇ ಮಾಡಿದ್ದಳು. ಥಟ್ಟನೆ ಪೆನ್ಸಿಲ್ ಕೆಳಗಿಟ್ಟಳು.

"ಬಿಡ ಅತ್ತಿ. ನಾ ಅವ್ವನ್ಹಂಗ ಅದೀನಿ. ನಮ್ಮ ತಲಿ ಹಿಡಿಯೂದಿಲ್ಲ. ಪುಸ್ತಕದಾಗ ಬರದೈತಂತ."

"ನಾನೂ ಇದ ಮನಿಯಾಕಿ ಅಲ್ಲೇನ?" ಎಂದೆ.

"ನೀ ಬ್ಯಾರೆ" ಎಂದಳು. ಹನ್ನೆರಡು ವರ್ಷದ ಹುಡುಗಿ, ಬೇಸರವೂ ಇಲ್ಲದೆ, ಹೊರಗೆ ಬಿಸಿಲಿದೆ ಎನ್ನುವ ಹಾಗೆ.

ಅವತ್ತಿನಿಂದ ನನಗೆ ನೆಟ್ಟಗೆ ಊಟ ಸೇರಿಲ್ಲ. ಮಾತು ನಿಮ್ಮಲ್ಲೇ ನಿಂತಿದೆ ಎಂದುಕೊಂಡಿದ್ದೆ. ಅದು ಮಗುವಿಗೆ ದಾಟಿದೆ. ಅವಳಿಂದ ಇನ್ನು ಯಾರಿಗೆ — ಯೋಚನೆ ಅಲ್ಲಿಂದ ಮುಂದೆ ಹೋಗುವುದಿಲ್ಲ, ಹೋಗಲು ಬಿಡುವುದಿಲ್ಲ.

ಮೊನ್ನೆ ಭಾನುವಾರ ಬಂದು ಅಡುಗೆಮನೆಯಲ್ಲಿ ನಿಮಗೆ ಎಲ್ಲ ಹೇಳಿದೆ. ನೀವು ಹಿಟ್ಟು ನಾದುತ್ತಿದ್ದಿರಿ. ನಾನು ಸಿಟ್ಟಿಗೆ, ಅಳುವಿಗೆ, ಬಾಗಿಲು ತೋರಿಸುವುದಕ್ಕೂ ಸಿದ್ಧಳಾಗಿ ಬಂದಿದ್ದೆ. ನೀವು ನನ್ನ ಕಡೆ ನೋಡಿ, ಮರುಕದಿಂದ, "ಇರ್ಲಿ ಬಿಡ ರೇಣು. ನನ್ನ ಸಮಾಧಾನಕ್ಕ ಹೇಳಾಕತ್ತಿ. ನಂಗೇನ ಗೊತ್ತಿಲ್ಲ ನನ್ನ ತಲಿ ಹೆಂತಾದಂತ?" ಎಂದಿರಿ.

ವೈನಿ, ನೀವು ಕ್ಷಮಿಸದಿದ್ದರೆ ನಾನು ತಾಳಿಕೊಳ್ಳಬಲ್ಲೆ. ನೀವು ನಂಬಲೇ ಇಲ್ಲ. ನನ್ನ ಸುಳ್ಳು ನನ್ನ ಸತ್ಯಕ್ಕಿಂತ ಗಟ್ಟಿಯಾಗಿ ನಿಮ್ಮೊಳಗೆ ಕೂತಿದೆ. ಕೂರಿಸಿದವಳೇ ಬಂದು ಎಬ್ಬಿಸಿದರೂ ಏಳುತ್ತಿಲ್ಲ.

ಅದಕ್ಕೇ ಬರವಣಿಗೆ. ನೀವೀಗ ಉದ್ದದ ಕಾಗದ ಓದುವುದಿಲ್ಲ. ಭಾಗ್ಯಳ ಕೈಗೆ ಕೊಟ್ಟು ಏನೈತಿ ಓದ ಎನ್ನುತ್ತೀರಿ. ಗೊತ್ತಿದ್ದೇ ಕಳಿಸುತ್ತಿದ್ದೇನೆ. ಆ ಮನೆಯಲ್ಲಿ ನನ್ನನ್ನು ಕಂಡರೆ ಬಾಗಿಲಿಗೆ ಓಡಿ ಬರುವವಳು ಅವಳೊಬ್ಬಳೇ. ಇದನ್ನು ಓದಿದ ಮೇಲೆ ಬರಲಿಕ್ಕಿಲ್ಲ. ಎಲ್ಲಕ್ಕಿಂತ ನಾನು ಅಂಜುವುದು ಅದಕ್ಕೆ.

ಭಾಗ್ಯಾ, ಇಲ್ಲಿಗೆ ನಿಲ್ಲಿಸಬೇಡ. ಅವ್ವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು. ನಿನ್ನ ಅವ್ವ ಎರಡೇ ವಾರದಲ್ಲಿ ಇತಿಹಾಸದ ಅರ್ಧ ಪುಸ್ತಕ ಮುಗಿಸಿದ್ದಳು. ಒಂದು ದಿನ ಆರು ಪುಟ ಬರೆದಿದ್ದಳು, ನಾನು ತಿದ್ದಲು ಕೂತರೆ ಒಂದು ತಪ್ಪೂ ಸಿಗಲಿಲ್ಲ. ಅವಳನ್ನು ನಿಲ್ಲಿಸಿದ್ದು ಅವಳ ತಲೆಯಲ್ಲ. ನಿನ್ನ ಅತ್ತಿ.